ಗೋಡೆಯಾಚೆಯ ಹಾಡು

ಯಾರೂ ನುಡಿಸದ ಗಿಟಾರೊಂದು ಗೋಡೆಯ ಮೊಳೆಗೆ ನೇತುಬಿದ್ದಿತ್ತು. ಗೋಡೆಯಾಚೆ ತಾರಾಬಾಯಿ ಎಂಬ ಒಂಟಿ ಹೆಂಗಸು ದಿನವೂ ಸಂಜೆ ಅಕ್ಕಿ ಆರಿಸುತ್ತ ಒಂದೇ ಹಾಡು ಹಾಡುತ್ತಿದ್ದಳು. ಆಗೆಲ್ಲ ಗಿಟಾರಿನ ತಂತಿಗಳು ತಾವಾಗಿ ಕಂಪಿಸುತ್ತಿದ್ದವು. ಯಾವ ಸಾಲಿಗೆ ಯಾವ ತಂತಿ ಮಿಡಿಯುತ್ತದೆಂದು ಗಮನಿಸುತ್ತ ಗಿಟಾರ್ ಹಾಡಿನ ಕಾರ್ಡುಗಳನ್ನು, ಅಂದರೆ ಒಟ್ಟಿಗೆ ನುಡಿಯಬೇಕಾದ ಸ್ವರಗಳನ್ನು, ಹುಡುಕತೊಡಗಿತು.

ಕಿಟಕಿಯಲ್ಲಿ ಕೂತಿದ್ದ ಗೊರವಂಕ ಹಕ್ಕಿ ನಕ್ಕಿತು. "ನಾನು ಒಂದೇ ಸಂಜೆಗೆ ಇಡೀ ಹಾಡು ಕಲಿತೆ. ನೀನು ತಿಂಗಳಿಂದ ಏನು ಮಾಡುತ್ತಿದ್ದೀಯೆ?"

"ಮೂರು ಕಾರ್ಡು ಸಿಕ್ಕಿವೆ. ಆದರೆ ಎರಡನೆಯ ಸಾಲಿನ ನಂತರ ಆಕೆ ನಾಲ್ಕು ಎಣಿಕೆಯಷ್ಟು ಹೊತ್ತು ಸುಮ್ಮನಿರುತ್ತಾಳೆ. ಅಲ್ಲೇನು ಬರಬೇಕೋ ತಿಳಿಯುತ್ತಿಲ್ಲ."

"ಅಲ್ಲೇನೂ ಇಲ್ಲ. ನಾನಂತೂ ಅದನ್ನು ಹಾರಿಸಿಬಿಟ್ಟೆ," ಎಂದ ಗೊರವಂಕ ಇಡೀ ಹಾಡನ್ನು ಒಂದೇ ಉಸಿರಿಗೆ ಹಾಡಿ ತೋರಿಸಿತು.

ಗಿಟಾರ್ ಆಕೆಯ ಹಾಡನ್ನು ಮತ್ತೆ ಮತ್ತೆ ಆಲಿಸಿತು. ಉಸಿರೆಳೆದುಕೊಳ್ಳಲು ಅಷ್ಟು ಹೊತ್ತು ಬೇಕಿಲ್ಲ. ಸಾಲು ಮರೆತವರು ದಿನವೂ ಸರಿಯಾಗಿ ಅಷ್ಟೇ ಹೊತ್ತು ನಿಲ್ಲುವುದೂ ಇಲ್ಲ. ಕೊನೆಗೊಂದು ಸಂಜೆ ಅದು ಹೇಳಿತು: "ಇದು ಇಬ್ಬರು ಹಾಡುತ್ತಿದ್ದ ಹಾಡು. ಇನ್ನೊಬ್ಬರ ಸಾಲಿಗೆ ಆಕೆ ಇವತ್ತಿಗೂ ಜಾಗ ಬಿಡುತ್ತಾಳೆ."

"ಆ ಇನ್ನೊಬ್ಬರೆಲ್ಲಿ?"

"ಈಗ ಇಲ್ಲ."



ಮರುದಿನ ಎರಡನೆಯ ಸಾಲು ಮುಗಿದಾಗ ಗಿಟಾರ್ ತನ್ನ ತಂತಿಗಳನ್ನು ಸುಮ್ಮನಾಗಲು ಬಿಡಲಿಲ್ಲ. ಸಣ್ಣ ನಾದವೊಂದು ಗೋಡೆ ದಾಟಿ ಹೋಯಿತು. ತಾರಾಬಾಯಿಯ ಕೈ ಮೊರದ ಮೇಲೆ ನಿಂತಿತು. ನಾಲ್ಕು ಎಣಿಕೆ ಕಳೆದವು, ಐದನೆಯದೂ ಕಳೆಯಿತು. ನಾದ ಪೂರ್ತಿ ಅಡಗಿದ ಮೇಲೆಯೇ ಆಕೆ ಮೂರನೆಯ ಸಾಲು ಎತ್ತಿಕೊಂಡಳು.