ಹೂವಕ್ಕನ ಅಂಗಳಕ್ಕೆ ಮರಳು ಬಂತು

ಮೇಲಿನ ಓಣಿಯ ಅಂಗನವಾಡಿ ಟೀಚರ್ ಹೂವಕ್ಕನಿಗೆ ಇಬ್ಬರಿಂದ ನಿದ್ದೆಯಿಲ್ಲ. ಒಬ್ಬ, ಮಗ ಮುದುಕಪ್ಪ. ಮೀಸೆ ಬಂದಿದೆ, ಬುದ್ಧಿ ಬಂದಿಲ್ಲ. ಇನ್ನೊಬ್ಬಳು, ಕೆಳಗಿನ ಓಣಿಯ ಟೀಚರ್ ದ್ಯಾಮಕ್ಕ. ಹೂವಕ್ಕನ ಅಂಗನವಾಡಿಯ ಮಕ್ಕಳೂ ಸಂದಿಯಲ್ಲಿ ನುಸುಳಿ ದ್ಯಾಮಕ್ಕನ ಅಂಗಳಕ್ಕೇ ಆಡಲು ಓಡುತ್ತವೆ. ಅಲ್ಲಿಂದ ನಗು ಕೇಳಿದರೆ ಸಾಕು, ಹೂವಕ್ಕನ ಹೊಟ್ಟೆಗೆ ಬೆಂಕಿ ಬೀಳುತ್ತದೆ. ಸಾಲದ್ದಕ್ಕೆ ಶನಿವಾರ ಸೂಪರ್‌ವೈಸರ್ ಮೇಡಂ ಬರುತ್ತಾರಂತೆ. ಮಕ್ಕಳಿಲ್ಲದ ಅಂಗನವಾಡಿಗೆ ಬೀಗವಂತೆ!

"ಅಕಿ ಅಂಗಳದಾಗ ಮರಳೈತಿ, ನಮ್ಮಲ್ಲೂ ಹಾಕು! ಅಕಿದಕ್ಕಿಂತ ಸ್ವಚ್ಛ ಇರಬೇಕು ನೋಡು!"

"ಆತವ್ವಾ!" ಅಂದ ಮುದುಕಪ್ಪ. ಮರಳು ತಂದ, ಜರಡಿ ಹಿಡಿದ, ಹಾಸಿದ. ಮಕ್ಕಳು ಬಂದವು.

"ಕಾಲಿಡಬ್ಯಾಡ್ರಿ, ಹೊಲಸಾಕ್ಕೈತಿ!" ಎಂದು ಅಟ್ಟಿದ. ಅವು ದ್ಯಾಮಕ್ಕನಲ್ಲಿಗೆ ಓಡಿದವು.

"ಹುಚ್ಚಪ್ಯಾಲಿ! ಮರಳು ಹಾಕಿದ್ದು ನೋಡಾಕೇನು? ಯಾರು ಬಂದ್ರೂ ತಡೀಬ್ಯಾಡ!"

"ಆತವ್ವಾ!"

ಮರುದಿನ ಪಕ್ಕದ ಮನೆಯ ಹೋತ ಬಂತು. ಮುದುಕಪ್ಪ ಕೈಮುಗಿದು ದಾರಿ ಬಿಟ್ಟ. ಹೋತ ಮರಳಲ್ಲಿ ಹೊರಳಿತು, ಕೋಡು ಬೀಸಿತು. ಮಕ್ಕಳು ಚೀರಿಕೊಂಡು ಓಡಿದವು. ಎಲ್ಲಿಗೆ? ಮತ್ತೆಲ್ಲಿಗೆ, ದ್ಯಾಮಕ್ಕನಲ್ಲಿಗೆ!

"ಅಕಿ ಏನು ಪುಣ್ಯ ಮಾಡಿದ್ಲೋ, ನೀ ನನಗ ಹುಟ್ಟಿದಿ! ಮಕ್ಕಳು ಯಾವುದಕ್ಕ ಅಂಜತಾವೋ ಅದನ್ನ ಎತ್ತಿಕೊಂಡು ಹೋಗಿ ದ್ಯಾಮಕ್ಕನ ಅಂಗಳದಾಗ ಒಗದು ಬಾ! ಅಕಿನೂ ಅನುಭವಿಸಲಿ!"

"ಆತವ್ವಾ!"

ಶನಿವಾರ ಬಂತು. ಹೂವಕ್ಕ ಹೊಸ ಸೀರೆಯುಟ್ಟು, ಬೆತ್ತ ಹಿಡಿದು, ಅಂಗಳದ ನಡುವೆ ಕುರ್ಚಿ ಹಾಕಿಕೊಂಡು ಕೂತಳು.

"ಓಡಬ್ಯಾಡ್ರಿ! ಏರಬ್ಯಾಡ್ರಿ! ಬಟ್ಟಿ ಹೊಲಸ ಮಾಡಬ್ಯಾಡ್ರಿ! ದ್ಯಾಮಕ್ಕನ ಮಕ್ಕಳಿಗಿಂತ ಚೆಂದ ಆಡ್ರಿ!"

ಮಕ್ಕಳು ಗೋಡೆಗೆ ಅಂಟಿ ನಿಂತವು. ಒಂದು ಮಗು ನಿಂತಲ್ಲೇ ಚಡ್ಡಿ ಒದ್ದೆ ಮಾಡಿಕೊಂಡಿತು. ಮುದುಕಪ್ಪ ಸುತ್ತ ನೋಡಿದ. ಹೋತವಿಲ್ಲ, ನಾಯಿಯಿಲ್ಲ. ಮತ್ತೆ ಇವು ಯಾವುದಕ್ಕೆ ಅಂಜಿವೆ? ಮಕ್ಕಳ ಕಣ್ಣು ನೆಟ್ಟ ಕಡೆಗೆ ತಾನೂ ನೋಡಿದ.

"ಆತವ್ವಾ!" ಎಂದವನೇ ಕುರ್ಚಿ ಸಮೇತ ಅವ್ವನನ್ನು ಹೊತ್ತುಕೊಂಡು ನಡೆದ.

"ಇಳಸೋ! ಇಳಸೋ ಭಾಡ್ಯಾ!"

ಮೇಡಂ ಬಂದಾಗ ಹೂವಕ್ಕನ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ. ಮರಳಲ್ಲಿ ಗುಡ್ಡ ಕಟ್ಟುವವೇನು, ಉರುಳುವವೇನು, ಕೇಕೆಯೇನು!

"ಎಷ್ಟು ಚೆನ್ನಾಗಿ ಆಡ್ತಿದಾವೆ! ಟೀಚರ್ ಎಲ್ಲಪ್ಪಾ?"

ಮುದುಕಪ್ಪ ಕೈ ಕೊಡವಿಕೊಂಡ. "ಮಕ್ಕಳು ಅಂಜತಿದ್ದವು ರೀ, ಎತ್ತಿಕೊಂಡು ಹೋಗಿ ದ್ಯಾಮಕ್ಕನ ಅಂಗಳದಾಗ ಒಗದು ಬಂದೆ. ಈಗ ಅಲ್ಲಿಯ ಮಕ್ಕಳೂ ಇಲ್ಲಿಗೇ ಓಡಿ ಬಂದಾವ!"