ಮಾತೆಯವರು ತಿದ್ದಿದ ಅರ್ಜಿ

ಮೂವತ್ತೊಂದು ವರ್ಷ ತಾಲ್ಲೂಕು ಕಚೇರಿಯಲ್ಲಿ ಎಲ್ಲರ ಕರಡು ತಿದ್ದಿದ ಹೆಡ್ ಕ್ಲಾರ್ಕ್ ಚೌರಪ್ಪನವರ ಬರವಣಿಗೆಯಲ್ಲಿ ಪೂಜ್ಯ ಮಾತೆ ಬ್ರಿಜಿತಮ್ಮನವರು ಒಂದು ತಪ್ಪು ಹಿಡಿದರು. ಏನಿರಬಹುದು, ಊಹಿಸಿ ನೋಡೋಣ? ಕಾಗುಣಿತವೇ? ಅಲ್ಲ. ಒತ್ತಕ್ಷರವೇ? ಚೌರಪ್ಪನವರ ಒತ್ತಕ್ಷರ ತಪ್ಪುವುದೆಂದರೆ ಸೂರ್ಯ ಪಡುವಣದಲ್ಲಿ ಹುಟ್ಟಿದಂತೆ! ಸರಿ, ನಾನೇ ಹೇಳುತ್ತೇನೆ. ಅವರ ಕೈಕೆಳಗಿನ ಗುಮಾಸ್ತನಾದ ನಾನು ಆ ದಿನ ಪಕ್ಕದಲ್ಲೇ ಇದ್ದೆ.

ಮಾತೆಯವರು ಹೊಳೆಯಾಚೆಯ ಕುಷ್ಠರೋಗಿಗಳ ಆಶ್ರಮದಲ್ಲಿ ವಾಸವಾಗಿದ್ದರು. ತಗಡಿನ ಚಪ್ಪರದಡಿ ಕುಳಿತು, ಒಗೆದು ಒಣಗಿಸಿದ ಬ್ಯಾಂಡೇಜ್ ಬಟ್ಟೆ ಸುತ್ತುವುದು ಅವರ ನಿತ್ಯದ ಕೆಲಸ. ಬಿಷಪ್ಪರೇ ಬರಲಿ, ಬಟ್ಟೆಯ ಒಂದು ತುದಿ ಕೈಗೆ ಕೊಟ್ಟೇ ಮಾತನಾಡಿಸುತ್ತಿದ್ದರು. ಚೌರಪ್ಪನವರಿಗೂ ಕೊಟ್ಟರು.

ಚೌರಪ್ಪನವರ ಮಡದಿ ಜ್ಞಾನಮ್ಮನವರಿಗೆ ಹೊಟ್ಟೆಯಲ್ಲಿ ಗಡ್ಡೆಯಾಗಿತ್ತು. ಡಾಕ್ಟರು ಕೈಚೆಲ್ಲಿದ್ದರು. "ದಿನಾ ಪ್ರಾರ್ಥನೆ ಮಾಡ್ತೀನಿ ಕಣಯ್ಯ, ಮೇಲಕ್ಕೆ ತಲುಪ್ತಾನೇ ಇಲ್ಲ. ಸಮುಚಿತ ಮಾರ್ಗದಲ್ಲೇ ಹೋಗ್ಬೇಕು," ಎಂದು ನನ್ನನ್ನೂ ಕರೆದುಕೊಂಡು ಹೊರಟಿದ್ದರು. ಆ ಸಮುಚಿತ ಮಾರ್ಗವೇ ಮಾತೆಯವರು. ಚೌರಪ್ಪನವರು ಜೇಬಿನಿಂದ ಟೈಪು ಮಾಡಿದ ಹಾಳೆ ತೆಗೆದು ಅವರಿಗೆ ಕೊಟ್ಟರು. ಕಾರ್ಬನ್ ಪ್ರತಿ ಮನೆಯಲ್ಲಿತ್ತು.

"ಸರ್ವಶಕ್ತ ದೇವರವರ ಘನ ಸನ್ನಿಧಾನಕ್ಕೆ. ವಿಷಯ: ಪತ್ನಿಯ ಆರೋಗ್ಯದ ಬಗ್ಗೆ. ಮಾನ್ಯರೇ, ತಾವು ದಯಮಾಡಿ ಪರಿಶೀಲಿಸಿ, ತಾವು ಸೂಕ್ತ ಕ್ರಮ ಕೈಗೊಳ್ಳಬೇಕಾಗಿ..."

ನಗಬೇಡಿ. ಚೌರಪ್ಪನವರಿಗೆ ಗೊತ್ತಿದ್ದ ಬೇಡಿಕೆಯ ಭಾಷೆ ಅದೊಂದೇ.

ಮಾತೆಯವರು ಎರಡು ಸಲ ಓದಿದರು. "ಭಾಷೆ ಬಹಳ ಶುದ್ಧವಾಗಿದೆ. ಒಂದು ತಪ್ಪಿದೆ," ಎಂದರು.

ಚೌರಪ್ಪನವರ ಮುಖ ಕೆಂಪಗಾಯಿತು. "ತಪ್ಪೇ? ಎಲ್ಲಿ ತಾಯಿ?"

"ನಿಮ್ಮ ಮಗಳು ನಿಮ್ಮನ್ನ ಹೇಗೆ ಮಾತಾಡಿಸ್ತಾಳೆ?"

"ಫಿಲೋಮಿನಾನೇ? 'ಸುಮ್ನಿರಪ್ಪಾ, ನಿಂಗೇನೂ ತಿಳಿಯಲ್ಲ' ಅಂತಾಳೆ." ಅಷ್ಟು ಕಷ್ಟದಲ್ಲೂ ಅವರಿಗೆ ನಗು ಬಂತು.

"ಒಂದಿನ ಅವಳು ಅಳ್ತಾ ಬಂದು, 'ಮಾನ್ಯರೇ, ತಾವು ದಯಮಾಡಿ ಪರಿಶೀಲಿಸಬೇಕು' ಅಂದರೆ?"

ಬಟ್ಟೆಯ ತುದಿ ಚೌರಪ್ಪನವರ ಕೈಯಿಂದ ಜಾರಿತು. "ನಾನೇನು ತಪ್ಪು ಮಾಡ್ದೆ ಮಗಳೇ, ಅಂತ ಕೇಳ್ತೀನಿ ತಾಯಿ."

"ಅವನೂ ಅದನ್ನೇ ಕೇಳ್ತಿದ್ದಾನು." ಮಾತೆಯವರು ಹಾಳೆಯನ್ನು ಹಿಂದಕ್ಕೆ ಕೊಟ್ಟರು. "ಎಲ್ಲರ ಜೊತೆಗಿರುವಾಗ ಹೇಗಾದರೂ ಅನ್ನಿ. ಒಬ್ಬರೇ ಇರುವಾಗ 'ನೀನು' ಅನ್ನಿ. ಇದನ್ನ ನಾನು ಒಯ್ಯೋದಿಲ್ಲ. ನೀವೇ ಹೋಗಿ, ಅಪ್ಪನ ಮನೆ ಬಾಗಿಲು ತೆಗೆದೇ ಇದೆ."

ಅಷ್ಟೇ. ನೆಲಕ್ಕೆ ಬಿದ್ದ ಬಟ್ಟೆಯನ್ನು ಮತ್ತೆ ಒಗೆಯಲು ತೆಗೆದಿಟ್ಟು, ಇನ್ನೊಂದನ್ನು ಎತ್ತಿಕೊಂಡರು.

ಚೌರಪ್ಪನವರು ಆಶ್ರಮದ ಪುಟ್ಟ ಪ್ರಾರ್ಥನಾಲಯಕ್ಕೆ ಹೋದರು. ನಾನು ಮೆಟ್ಟಿಲ ಮೇಲೆ ಕೂತೆ. ಒಳಗೆ "ಸ್ವಾಮೀ, ತಾವು..." ಎಂದು ಕೇಳಿಸಿತು. ಮತ್ತೆ "ತಾವು..." ಮತ್ತೊಮ್ಮೆ "ತಾವು..." ಆಮೇಲೆ ಗೋಡೆ ಅದುರುವಂತೆ: "ಏನಪ್ಪಾ! ಎಲ್ಲಿದ್ದೀಯ ನೀನು? ನನ್ನ ಜ್ಞಾನಮ್ಮನ ಕರ್ಕೊಂಡ್ಬಿಟ್ರೆ ನಾನು ಹೆಂಗಿರ್ಲಿ, ಹೇಳು!" ಬಳಿಕ ಅಳು. ಅಳು ಇಳಿದ ಮೇಲೆ, ಜಗಲಿಯಲ್ಲಿ ಅಪ್ಪ ಮಗ ಕೂತಂತೆ ಮೆಲ್ಲನೆಯ ಮಾತು. ಒಂದು ಗಂಟೆ ಕಳೆದು ಹೊರಗೆ ಬಂದರು.

"ದೇವರು ಏನಂದರು ಸಾರ್?" ಎಂದೆ.

"ಏನೂ ಅನ್ಲಿಲ್ಲ ಕಣಯ್ಯ. ಕೇಳಿಸ್ಕೊಂಡ."

ಜ್ಞಾನಮ್ಮನವರು ಉಳಿಯಲಿಲ್ಲ. ಅದನ್ನು ಮುಚ್ಚಿಟ್ಟು ಪವಾಡದ ಕಥೆ ಹೇಳಲಾರೆ. ಅದೇ ವರ್ಷ ಜುಲೈ ತಿಂಗಳಲ್ಲಿ ತೀರಿಕೊಂಡರು. ಅಲ್ಲಿಯವರೆಗೆ ಗಂಡ ಹೆಂಡತಿ ದಿನವೂ ಒಂದೇ ಮಂಚದ ಮೇಲೆ ಕೂತು "ನೀನು" ಎಂದೇ ಪ್ರಾರ್ಥಿಸಿದರು. ಮಣ್ಣು ಮಾಡಿದ ದಿನ ಚೌರಪ್ಪನವರು ದೇವರ ಜೊತೆ ದೊಡ್ಡ ಜಗಳವನ್ನೇ ಆಡಿದರು. ಆದರೆ ಮಾತು ಬಿಡಲಿಲ್ಲ. ತಾವು ಕಣ್ಮುಚ್ಚುವ ತನಕ ಬಿಡಲಿಲ್ಲ.

ಅವರ ಕಾಗದಗಳ ನಡುವೆ ಸಿಕ್ಕ ಆ ಕಾರ್ಬನ್ ಪ್ರತಿಯನ್ನು ಫಿಲೋಮಿನಾ ನನಗೆ ಕೊಟ್ಟಳು. "ತಾವು" ಇದ್ದಲ್ಲೆಲ್ಲ ಕೆಂಪು ಶಾಯಿಯಲ್ಲಿ ಹೊಡೆದು, ಮೇಲೆ "ನೀನು" ಎಂದು ತಿದ್ದಿದ್ದಾರೆ. ಅಂಚಿನಲ್ಲಿ ಅದೇ ಮುತ್ತಿನಂಥ ಅಕ್ಷರ: "ಖುದ್ದಾಗಿ ಮಾತನಾಡಲಾಗಿದೆ. ಈ ಕಡತ ಮುಚ್ಚತಕ್ಕದ್ದಲ್ಲ." ಕೆಳಗೆ ರುಜು, ನಾವು ಆಶ್ರಮಕ್ಕೆ ಹೋಗಿ ಬಂದ ದಿನದ ತಾರೀಖು: 1984ನೆಯ ಇಸವಿ ಮಾರ್ಚ್ 10, ಎರಡನೇ ಶನಿವಾರ.