ಇಷ್ಟದ ಉಪ್ಪಿಟ್ಟು

ನಮ್ಮ ಕಾನ್ವೆಂಟ್ ಬೋರ್ಡಿಂಗಿನಲ್ಲಿ ದಿನಾ ಬೆಳಿಗ್ಗೆ ಉಪ್ಪಿಟ್ಟು. ಗೋಡೆಗೆ ಎಸೆದರೆ ಅಂಟಿಕೊಳ್ಳುವಂಥದ್ದು. ಮುಖ ಸಿಂಡರಿಸಿದರೆ ವಾರ್ಡನ್ ಸಿಸ್ಟರ್ ಸೆವ್ರಿನ್ ಬಿಡುತ್ತಿರಲಿಲ್ಲ. "ದೇವರು ಕೊಟ್ಟ ಅನ್ನವನ್ನು ಪ್ರೀತಿಸುವುದು ವಿದ್ಯಾರ್ಥಿನಿಯ ಧರ್ಮ. ಹೇಳಿ, ಉಪ್ಪಿಟ್ಟು ನಮಗೆ ಬಲು ಇಷ್ಟ!" ಹಾಗೆ ಹೇಳಿದ ಮೇಲೆಯೇ ತಟ್ಟೆಗೆ ಕೈ ಹಾಕಬೇಕು.

ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ವ್ರತ, ತಪಸ್ಸುಕಾಲ ಬಂತು. ಸಿಸ್ಟರ್ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದರು. "ಈಸ್ಟರ್ ಹಬ್ಬದವರೆಗೆ ಪ್ರತಿಯೊಬ್ಬಳೂ ತನಗೆ ಬಲು ಇಷ್ಟವಾದದ್ದನ್ನು ದೇವರಿಗಾಗಿ ಬಿಡಬೇಕು. ಏನು ಬಿಡುತ್ತೀರಿ, ಗಟ್ಟಿಯಾಗಿ ಹೇಳಿ."

ನನ್ನ ಗೆಳತಿ ಫ್ಲಾವಿಯಾ ತಲೆ ತಗ್ಗಿಸಿ ಮುಂದೆ ಬಂದಳು. "ಸಿಸ್ಟರ್, ನಾನು ಉಪ್ಪಿಟ್ಟು ಬಿಡುತ್ತೇನೆ."

"ನಾನೂ ಸಿಸ್ಟರ್!" ಎಂದಿತು ಇಡೀ ಸಾಲು.

ಸಿಸ್ಟರ್ ಒಪ್ಪಲೇಬೇಕಾಯಿತು. ದಿನಾ ತಾವೇ ಹೇಳಿಸಿದ್ದ ಮಾತಲ್ಲವೇ! ಮರುದಿನದಿಂದ ಬಿಸಿ ಗಂಜಿ, ಮಾವಿನ ಉಪ್ಪಿನಕಾಯಿ. ಅಂಥ ಸುಖದ ತಪಸ್ಸನ್ನು ನಾವು ಮತ್ತೆಂದೂ ಮಾಡಲಿಲ್ಲ.

ಈಸ್ಟರ್ ಬೆಳಿಗ್ಗೆ ಸಿಸ್ಟರೇ ಸೌಟು ಹಿಡಿದು ಬಂದರು. ಫ್ಲಾವಿಯಾಳ ತಟ್ಟೆಯಲ್ಲಿ ಉಪ್ಪಿಟ್ಟಿನ ಗುಡ್ಡವೇ ಎದ್ದಿತು. "ತಿನ್ನು ಮಗಳೇ. ಇಷ್ಟು ದಿನ ಎಷ್ಟು ಹಂಬಲಿಸಿದ್ದೀಯೋ ಏನೋ!"

ಸಿಸ್ಟರ್ ಈಗಿಲ್ಲ. ಫ್ಲಾವಿಯಾ ಅಜ್ಜಿಯಾಗಿದ್ದಾಳೆ. ಈಸ್ಟರ್ ದಿನ ಅವಳ ಮನೆಗೆ ಹೋದರೆ ಕೇಕಿಗಿಂತ ಮೊದಲು ಬರುವುದು ಉಪ್ಪಿಟ್ಟು. ತಿನ್ನುವ ಮುಂಚೆ ಆ ಹಳೆಯ ಮಾತನ್ನು ನನ್ನಿಂದ ಹೇಳಿಸುತ್ತಾಳೆ. ಹೇಳುತ್ತೇನೆ. ಈಗ ಅದು ಸುಳ್ಳಲ್ಲ.